ಅಂಟೆಲೆಗೆ ಹಾಕಿದ ಬೇಲಿ

ಗುಡ್ಡದ ಕೆಳಗಿನ ಮನೆ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತೀಯೋ, ಇಲ್ಲಾ ಮಾವನ ಮನೆಯೆಂದು ಸಂಕೋಚಪಟ್ಟು ಕುಂಟುತ್ತಲೇ ಇದ್ದೀಯೋ? ನಿನ್ನ ಹೆಂಡತಿ, ಪುಟ್ಟಿ ಆರಾಮವಾಗಿದ್ದಾರೆಂದು ನಂಬಿದ್ದೇನೆ. ಮೇಕೆಗಳೂ ಚೆನ್ನಾಗಿರಬೇಕು, ಆ ಕರಿ ಹೋತ ಈಗ ಯಾರನ್ನು ಗುಮ್ಮುತ್ತಿದೆ? ಇಲ್ಲಿ ನಿನ್ನ ಅತ್ತಿಗೆಯ ಕೆಮ್ಮು ಹೋಗಿದೆ, ಬಾಯಿ ಮಾತ್ರ ಹಾಗೇ ಇದೆ. ನಾನು ಕಾಗದ ಬರೆಯಲು ಕೂತದ್ದನ್ನು ನೋಡಿ, "ಅಂತೂ ಕೈಗೆ ಬುದ್ಧಿ ಬಂತು. ತಲೆಗೆ ಯಾವಾಗ ಬರುತ್ತೋ!" ಎಂದು ಒಳಗೆ ಹೋದಳು.

ಅಂಟೆಲೆ ಗಿಡದ ವಿಷಯ ಬರೆಯಬೇಕು. ಮೊಣಕಾಲೆತ್ತರದ ಪೊದೆ, ಮುಟ್ಟಿದರೆ ಎಲೆ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಚಿಕ್ಕವರಿದ್ದಾಗ ನಾವು ಮೇಷ್ಟ್ರ ಬೆನ್ನಿಗೆ ಅಂಟಿಸಿದ ಎಲೆಯನ್ನು ಅವರು ಸಂಜೆಯವರೆಗೂ ಹೊತ್ತು ತಿರುಗಿರಲಿಲ್ಲವೇ, ಅದೇ ಗಿಡ. ನಮ್ಮ ಗುಡ್ಡದ ಪಡುವಣ ಇಳಿಜಾರು ಬಿಟ್ಟರೆ ಅದು ಭೂಮಿಯ ಮೇಲೆ ಬೇರೆಲ್ಲೂ ಇಲ್ಲವೆಂದು ಗಿಡಗಳ ಸಂಶೋಧನೆ ಮಾಡುವ ಆ ಮೇಡಂ ಬಂದು ಹೇಳಿದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾವಲುಗಾರನ ಟೋಪಿ ಕೊಟ್ಟರು, ಸೀಟಿ ಕೊಟ್ಟರು. ಟೋಪಿ ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದೆ. ಸೀಟಿ ಊದುವುದಕ್ಕೆ ಯಾರಾದರೂ ಸಿಗಬೇಕಲ್ಲ, ನೀನು ಸಿಕ್ಕಿದೆ. ನಿನ್ನ ಹೋತ ಕೊಂಬು ಉಜ್ಜಿ ಒಂದು ಟೊಂಗೆ ಮುರಿದದ್ದೇ ನೆಪವಾಯಿತು. ಚಹಾ ಅಂಗಡಿಯ ಮುಂದೆ, ಅಷ್ಟು ಜನರೆದುರು, "ಇವನ ಮೇಕೆ ಇರೋ ತನಕ ಈ ಗುಡ್ಡಕ್ಕೆ ಉಳಿಗಾಲ ಇಲ್ಲ" ಎಂದೆ. ನೀನು ಮೆತ್ತಗೆ, "ಅಣ್ಣಾ, ಮನೇಲಿ ಮಾತಾಡೋಣ" ಎಂದೆ. ನಾನು ಸೀಟಿ ಊದಿದೆ. ಒಡಹುಟ್ಟಿದವನು ಮಾತಾಡುತ್ತಿರುವಾಗ ಅವನ ಮುಖಕ್ಕೆ ಸೀಟಿ ಊದಿದೆ! ಮರುದಿನ ನೀನು ಮೇಕೆಗಳನ್ನು ಹೊಡೆದುಕೊಂಡು ಮಾವನ ಊರಿಗೆ ಹೊರಟುಹೋದೆ. ನಾನು ತಂತಿಬೇಲಿ ಎಳೆಸಿ ಬೀಗ ಜಡಿದೆ.

ಬೇಲಿಯೊಳಗೆ ಹುಲ್ಲು ಬೆಳೆಯಿತು. ಎಷ್ಟು ಹಸಿರು ನೋಡಿ ಎಂದು ಬಂದವರಿಗೆಲ್ಲ ತೋರಿಸಿದ್ದೂ ನಾನೇ. ಮೊದಲ ಮಳೆಗಾಲಕ್ಕೆ ಸೊಂಟದವರೆಗೆ ಬಂತು, ಎರಡನೆಯದಕ್ಕೆ ನನ್ನ ಟೋಪಿಯೂ ಮುಳುಗಿತು. ಮುದಿ ಪೊದೆಗಳು ಒಣಗುತ್ತಾ ಬಂದವು, ಸಸಿ ಮಾತ್ರ ಒಂದೂ ಏಳಲಿಲ್ಲ. ಮೊಲ ತಿಂದಿತು ಎಂದೆ, ಇಲಿ ಎಂದೆ, ಬಿಸಿಲು ಎಂದೆ. ಮೊನ್ನೆ ಮೇಡಂ ಬಂದು ಮಂಡಿಯೂರಿ ಹುಲ್ಲು ಬಿಡಿಸಿ ನೋಡಿದರು. ಬೀಜವೆಲ್ಲ ಒಣಹುಲ್ಲಿನ ಹಾಸಿನ ಮೇಲೆಯೇ ಕೂತು ಕೊಳೆತಿತ್ತು, ಮಣ್ಣು ಮುಟ್ಟಿರಲಿಲ್ಲ. "ಮೇಕೆಗಳು ಹುಲ್ಲು ತಿಂದು, ಅಂಟು ಅಂತ ಇದನ್ನ ಬಿಡ್ತಿದ್ವು. ಓಡಾಡ್ತಾ ಬೀಜಾನ ಮಣ್ಣಿಗೆ ತುಳೀತಿದ್ವು. ಬೇಲಿ ಬೇಕು ಅಂದವಳು ನಾನೇ, ನನಗೂ ಹೊಳೀಲಿಲ್ಲ" ಎಂದರು. ಪುಣ್ಯಾತ್ಗಿತ್ತಿ, ತಪ್ಪಿನಲ್ಲಿ ಪಾಲು ತೆಗೆದುಕೊಂಡರು. ಆದರೆ ಆ ಸೀಟಿಯಲ್ಲಿ ಅವರ ಪಾಲು ಏನಿದೆ ಹೇಳು?

ಇನ್ನು ಬೆರಳೆಣಿಕೆಯ ಪೊದೆಗಳಿವೆ. ಈ ಸಲ ಕಾಯಿ ಒಡೆಯುವ ಮುಂಚೆ ಹುಲ್ಲು ಇಳಿಯದಿದ್ದರೆ ಅಂಟೆಲೆಯ ಕಥೆ ಮುಗಿಯಿತಂತೆ. ಬಾ ಎನ್ನಲು ನನಗೆ ಮುಖವಿಲ್ಲ. ಚಹಾ ಅಂಗಡಿ ತಪ್ಪಿಸಲು ಹಿಂದಿನ ಓಣಿಯಿಂದ ಓಡಾಡುತ್ತಿದ್ದೇನೆ. ಬೇಲಿಯ ಬಾಗಿಲು ಕಿತ್ತು ತಂದೆ. ನಿನ್ನ ಅತ್ತಿಗೆ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದಾಳೆ. ಮೇಕೆ ದೊಡ್ಡಿಯನ್ನು ನಾನು ಹೇಳದೆಯೇ ಗುಡಿಸಿಟ್ಟಿದ್ದಾಳೆ.

ಪುಟ್ಟಿಯ ತಲೆ ಸವರಿ ದೊಡ್ಡಪ್ಪ ನೆನೆಸಿದನೆಂದು ಹೇಳು. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಣ್ಣ

ತಾ.ಕ.: ಬಸ್ಸಿನವನ ಕೈಲಿ ಕೊಡಬೇಕು, ಹಾರ್ನ್ ಹೊಡೆಯುತ್ತಿದ್ದಾನೆ. ಒಂದು ಮಾತು ಮುಚ್ಚಿಟ್ಟೆ. "ಮೊದಲು ಇಲ್ಲಿ ಮೇಕೆ ಮೇಯಿಸ್ತಿದ್ದವರು ಯಾರು?" ಎಂದು ಮೇಡಂ ಕೇಳಿದರು. ನಾನು, "ಯಾರೋ ಒಬ್ಬ" ಎಂದುಬಿಟ್ಟೆ. ಆ ಯಾರೋ ಒಬ್ಬನನ್ನು ನೋಡಲು ಅವರು ಭಾನುವಾರ ಬರುತ್ತಾರೆ. ನೀನು ಬಂದರೂ ಬಾರದಿದ್ದರೂ, ನನ್ನ ತಮ್ಮ ಎಂದು ಚಹಾ ಅಂಗಡಿಯ ಮುಂದೆಯೇ ನಿಂತು ಹೇಳುತ್ತೇನೆ. ಬಂದರೆ ಕರಿ ಹೋತವನ್ನು ಮುಂದೆ ಬಿಡು. ಬೆನ್ನು ತಿರುಗಿಸಿ ನಿಂತಿರುತ್ತೇನೆ.