ಇಳಿಜಾರಿನಲ್ಲಿ ಸಿಡಿದ ಚಕ್ರ

ಸೈಕಲ್ ಅಂಗಡಿ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದಿನ ಹಟಮಾರಿಗೆ,

ಹೇಗಿದ್ದೀಯ ಮಗಳೇ? ದವಡೆಗೆ ಕಟ್ಟಿದ ತಂತಿ ಇನ್ನೂ ಚುಚ್ಚುತ್ತಿದೆಯೇ? ಸ್ಟ್ರಾದಲ್ಲಿ ಹಾಲು ಹೀರಿ ಹೀರಿ ನಿನಗೆ ಸಾಕಾಗಿರಬೇಕು. ತಲೆಗೆ ಪೆಟ್ಟಾದವರು ಒಂದು ತಿಂಗಳು ಫೋನ್ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದಕ್ಕೇ ಈ ಕಾಗದ. ಒಂದೇ ಉಸಿರಿಗೆ ಓದಬೇಡ, ಸ್ವಲ್ಪ ಸ್ವಲ್ಪವೇ ಓದು.

ಭಾನುವಾರ ನಾನು ಆಸ್ಪತ್ರೆಗೆ ಬಂದಾಗ ಸ್ಲೇಟಿನ ಮೇಲೆ ಬರೆದು ಕೇಳಿದೆಯಲ್ಲ, ‘ಮುಂದಿನ ಚಕ್ರದ ಜೋಡಿ ಐವತ್ತರದ್ದೋ ಅರವತ್ತರದ್ದೋ?’ ಅಂತ. ಸ್ಲೇಟು ಕಿತ್ತುಕೊಂಡು ನೆಲಕ್ಕೆ ಬಡಿದದ್ದು ತಪ್ಪೇ, ಕ್ಷಮಿಸು. ಮುಖಕ್ಕೆಲ್ಲ ಹೊಲಿಗೆ ಹಾಕಿಸಿಕೊಂಡು ಮಲಗಿದವಳು ಚಕ್ರ ಆರಿಸಲು ಕೂತರೆ ಯಾವ ತಾಯಿಗೆ ಪಿತ್ತ ನೆತ್ತಿಗೇರುವುದಿಲ್ಲ? ಆದರೂ ಕೇಳಿದ್ದೀಯ, ಹೇಳುತ್ತೇನೆ. ಮೂವತ್ತು ವರ್ಷ ಚಕ್ರ ಕಟ್ಟಿದವಳು ನಾನು. ಕಾರ್ಬನ್ ರಿಮ್ಮಿನ ಎತ್ತರ ಹೆಚ್ಚಿದಷ್ಟೂ ಸಮತಟ್ಟು ರಸ್ತೆಯಲ್ಲಿ ಗಾಳಿ ಸೀಳಿಕೊಂಡು ಓಡುತ್ತದೆ, ನಿಜ. ಆದರೆ ಅಡ್ಡಗಾಳಿ ಬೀಸಿದರೆ ಅದೇ ಎತ್ತರಕ್ಕೆ ಬಂದು ಬಡಿಯುತ್ತದೆ. ನೀನೋ ಉಫ್ ಎಂದರೆ ಹಾರುವವಳು. ಅರವತ್ತು ಮಿಲಿಮೀಟರಿನದ್ದು ಹಾಕಿದರೆ ಸೇತುವೆಯ ಮೇಲೆ ನಿನ್ನನ್ನು ಚರಂಡಿಗೆ ಎತ್ತಿಹಾಕುತ್ತದೆ. ಮುಂದೆ ನಲವತ್ತು, ಹಿಂದೆ ಐವತ್ತು, ನಿನ್ನ ತೂಕಕ್ಕೆ ಅಷ್ಟೇ ಸರಿ. ರೇಸಿನ ದಿನ ಹಾಕಿದ್ದೂ ಅದೇ. ಅಳತೆಯಲ್ಲಿ ನಾವು ತಪ್ಪಿರಲಿಲ್ಲ.

ನಿನಗೆ ಬಿದ್ದದ್ದೇ ನೆನಪಿಲ್ಲವಂತೆ, ಒಳ್ಳೆಯದೇ ಆಯಿತು. ಇಳಿಜಾರಿನ ಕೊನೆಯ ತಿರುವಿನಲ್ಲಿ ನಾನು ನಿಂತಿದ್ದೆ. ಗುಂಡು ಹೊಡೆದಂಥ ಸದ್ದಿಗೆ ಮುಂದಿನ ಚಕ್ರ ಬಾಯಿಬಿಟ್ಟಿತು. ನೀನು ಹ್ಯಾಂಡಲ್ ಮೇಲಿಂದ ಹಾರಿ, ಮುಖವೇ ಮೊದಲಾಗಿ ರಸ್ತೆಗೆ ಬಡಿದೆ. ಹಿಂದಿದ್ದ ಇಬ್ಬರು ಬ್ರೇಕ್ ಹಿಡಿಯಲಾಗದೆ ನಿನ್ನ ಬೆನ್ನ ಮೇಲೇ ಹತ್ತಿಸಿದರು. ರಕ್ತದಲ್ಲಿ ಕೈಯಾಡಿಸಿ ನಿನ್ನ ಹಲ್ಲು ಹೆಕ್ಕಿದವಳು ನಾನೇ. ನಾಲ್ಕು ಸಿಕ್ಕವು, ಐದನೆಯದು ಸಿಗಲಿಲ್ಲ.

ನಿನ್ನ ಮುಂದೆ ಎಲ್ಲರೂ ‘ಚಕ್ರ ಮಾರಿದವನ ಜೊತೆ ಸ್ವಲ್ಪ ಮಾತಿಗೆ ಮಾತು ಬೆಳೀತು’ ಎಂದು ತೇಲಿಸಿದ್ದಾರೆ. ನಡೆದದ್ದು ಅದಲ್ಲ. ನಿನ್ನನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದ ಮೇಲೆ ನಾನೂ ನಿನ್ನ ಸೋದರಮಾವನೂ ನೇರ ಚಕ್ರ ಮಾರಿದ ಆ ಕನ್ನಡಕ ಹಾಕಿದವನ ಅಂಗಡಿಗೆ ನುಗ್ಗಿದೆವು. ನಕಲಿ ಮಾಲು ಕೊಟ್ಟು ನನ್ನ ಮಗಳನ್ನು ಕೊಲ್ಲಲು ಹೊರಟೆಯಾ ಎಂದೆ. ‘ಅಕ್ಕಾ, ಒಂದ್ಸಲ ಸೈಕಲ್ ನೋಡ್ತೀನಿ, ತಡೀರಿ’ ಎಂದ. ಯಾರು ತಡೆಯುತ್ತಾರೆ? ಕೈಗೆ ಸಿಕ್ಕ ಗಾಳಿ ಪಂಪಿನಲ್ಲಿ ಬಾರಿಸಿದೆ. ಕನ್ನಡಕ ಪುಡಿಯಾಯಿತು, ಹುಬ್ಬು ಒಡೆಯಿತು. ಮಾವ ಕತ್ತು ಹಿಡಿದು ಗಾಜಿನ ಕಪಾಟಿಗೆ ಅಪ್ಪಳಿಸಿದ. ಅವನು ಮುಖಕ್ಕೆ ಬಲಗೈ ಅಡ್ಡ ಹಿಡಿದ. ನಾನು ಆ ಕೈಗೇ ಹೊಡೆದೆ. ಬೆರಳು ಮುರಿದ ಸದ್ದು ಕೇಳಿದ ಮೇಲೂ ಹೊಡೆದೆ. ಸುಳ್ಳೇಕೆ ಹೇಳಲಿ, ಜೀವಕ್ಕೆ ಹಾಯೆನಿಸಿತು. ಅವನ ಹೆಂಡತಿ ಓಡಿ ಬಂದು ನನ್ನ ಸೊಂಟ ತಬ್ಬಿಕೊಳ್ಳದಿದ್ದರೆ ಅಲ್ಲೇ ಮುಗಿಸಿಬಿಡುತ್ತಿದ್ದೆ.

ನಿನ್ನ ಸ್ಥಿತಿ ಕೇಳಿ ಅವನೇ ಪೊಲೀಸರ ಹತ್ತಿರ ದೂರು ಬೇಡ ಎಂದನಂತೆ. ತಪ್ಪಿತಸ್ಥನಲ್ಲದಿದ್ದರೆ ಯಾರು ಸುಮ್ಮನಿರುತ್ತಾರೆ ಎಂದು ಬೀದಿಯವರೆಲ್ಲ ನನ್ನ ಬೆನ್ನು ತಟ್ಟಿದರು. ಅವನ ಅಂಗಡಿಗೆ ದಿನವೂ ಕಲ್ಲು ಬೀಳುತ್ತಿದೆ. ಇವತ್ತು ಸಂಜೆ ನಿನ್ನ ಕ್ಲಬ್ಬಿನವರೆಲ್ಲ ಸೇರಿ ಅವನ ಮಾಲನ್ನು ಬೀದಿಗೆಳೆದು ಸುಡುತ್ತಾರೆ. ನಿನ್ನ ಮಾವನೇ ಮುಂದಾಳು.

ನೀನು ಔಷಧಿ ತಪ್ಪಿಸಬೇಡ. ಮಾವ ನಿನ್ನನ್ನು ಕೇಳಿದ್ದಾಗಿ ಬರೆಯಲು ಹೇಳಿದ. ಮತ್ತೆ ಮೊದಲಿನಂತೆ ಬಾಯ್ತುಂಬ ನಗು, ನನಗೆ ಬೇರೇನೂ ಬೇಡ.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಗೋಂದು ಹುಡುಕುತ್ತ ಡ್ರಾಯರ್ ಎಳೆದೆ. ಒಡೆಯದ ಪೊಟ್ಟಣ ಸಿಕ್ಕಿತು. ಚಕ್ರದ ಜೊತೆ ಕನ್ನಡಕದವನು ಕೊಟ್ಟಿದ್ದ ಬ್ರೇಕ್ ರಬ್ಬರ್. ‘ಅಕ್ಕಾ, ಕಾರ್ಬನ್‌ಗೆ ಇವನ್ನೇ ಹಾಕಿ, ಹಳೇವು ಹಾಕಿದ್ರೆ ಇಳಿಜಾರಲ್ಲಿ ರಿಮ್ ಕಾದು ಸಿಡಿಯತ್ತೆ’ ಎಂದಿದ್ದ. ನನಗೇ ಪಾಠ ಹೇಳಲು ಬಂದನಲ್ಲ ಎಂದು ಮೈ ಉರಿದಿತ್ತು. ನಿನ್ನ ಕೈಗೆ ಒಗ್ಗಿವೆ ಎಂದು, ಅಲ್ಯೂಮಿನಿಯಂ ಚಕ್ರದಲ್ಲಿ ಸವೆದ ಹಳೇ ರಬ್ಬರನ್ನೇ ತೊಳೆದು ಹಾಕಿದ್ದೆ. ಇಷ್ಟು ದಿನ ನಿನ್ನ ಮುರಿದ ಸೈಕಲ್ ನೋಡುವ ಧೈರ್ಯವಿರಲಿಲ್ಲ. ಈಗ ಅದಕ್ಕೆ ಸುತ್ತಿಟ್ಟಿದ್ದ ಗೋಣಿ ಬಿಚ್ಚಿದೆ. ರಬ್ಬರಿನ ತುಂಬ ಲೋಹದ ಚೂರು, ರಿಮ್ಮಿನ ಅಂಚು ಕಾದು ಉಬ್ಬಿದೆ. ಚಕ್ರ ನಕಲಿಯಲ್ಲ. ನಿನ್ನ ಮುಖ ಒಡೆದವಳು ನಾನು ಮಗಳೇ. ಸೀಮೆಎಣ್ಣೆ ಒಯ್ಯಲು ಬಂದ ಮಾವನಿಗೆ ಹೇಳಿದೆ. ‘ಬಾಯಿ ಮುಚ್ಕೊಂಡು ಅದನ್ನ ಒಲೆಗೆ ಹಾಕು’ ಎಂದು ಬೈದು ಹೋದ. ಹಾಕಿಲ್ಲ, ಪೊಟ್ಟಣ ಕೈಯಲ್ಲೇ ಇದೆ. ಸಂಜೆಯಾಯಿತು, ಆಗಲೇ ಬೀದಿಯಲ್ಲಿ ಅವನ ಅಂಗಡಿಯ ಗಾಜು ಒಡೆಯುತ್ತಿದ್ದಾರೆ. ಕಾಗದವನ್ನು ಪಕ್ಕದ ಟೈಲರ್ ಕೈಗೆ ಕೊಟ್ಟು ಹೊರಟೆ, ಕನ್ನಡಕದವನ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಅವರು ನನಗೆ ಹೊಡೆದರೆ ಹೊಡೆಯಲಿ, ನಾನು ಅವನಿಗೆ ಹೊಡೆದಷ್ಟು ಹೊಡೆಯಲಾರರು.