ಕಾಲಂ ಖಾಲಿ ಬಿಡದ ಅಪ್ಪನಿಗೆ

ಅಪ್ಪಾ,

ಮೇಲೆ 'ವಿಷಯ' ಅಂತ ಬರೆದು ಅಡಿಗೆರೆ ಎಳೆಯದೆ ಕಾಗದ ಶುರು ಮಾಡಿದ್ದೇನೆ, ಬೈಯಬೇಡ. ಇಡೀ ಜೀವನ ಕೇಂದ್ರ ಸರ್ಕಾರದ ಫೈಲುಗಳ ಮಧ್ಯೆ ಕೂತೆದ್ದವನು ನೀನು. ಹಾಲಿನ ಭಯ್ಯಾನಿಗೆ ಚೀಟಿ ಬರೆದರೂ ವಿಷಯ, ಉಲ್ಲೇಖ ಎರಡೂ ಇರುತ್ತಿದ್ದವು. ನನಗೆ ಇವತ್ತು ಹಾಗೆ ಬರೆಯಲು ಆಗುತ್ತಿಲ್ಲ. ನಿನ್ನ ಮೇಲೆ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಎರಡನ್ನೂ ಯಾವ ವಿಷಯದಡಿ ಹಾಕಬೇಕೋ ಗೊತ್ತಿಲ್ಲ.

ಅಕ್ಟೋಬರಿನ ಆ ಬೆಳಿಗ್ಗೆ ನೆನಪಿದೆಯಾ? ನಾನು ಫಾರಂಗಳ ಕಟ್ಟು ಹಿಡಿದು ದಿಲ್ಲಿಯ ವಸಂತ್ ಕುಂಜ್‌ನ ನಿಮ್ಮ ಫ್ಲಾಟಿನ ಕೆಳಗಿನ ಪಾರ್ಕಿಗೆ ಬಂದಿದ್ದೆ. ನನ್ನ ಪಿಎಚ್.ಡಿ.ಯ ಅಧ್ಯಯನ ಅದು. ಬಿ.ಪಿ. ಮಾತ್ರೆ ತಿನ್ನುವ ಹಿರಿಯರಿಗೆ ಮೂರು ತಿಂಗಳು ದಿನಾ ಬೆಳಿಗ್ಗೆ ಫೋನ್ ಮಾಡಿ ನೆನಪಿಸಿದರೆ ಅವರು ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಾರಾ ಅಂತ ನೋಡುವುದು. ನೀನು ನಿನ್ನ ವಾಕಿಂಗ್ ಗುಂಪಿನ ಕನ್ನಡದ ಗೆಳೆಯರನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂರಿಸಿ, ಹಾಜರಿ ತೆಗೆದುಕೊಳ್ಳುವ ಮೇಷ್ಟ್ರ ಥರ ನಿಂತಿದ್ದೆ. ಅಷ್ಟರಲ್ಲಿ ಒಬ್ಬರು ಮಗನ ಮನೆಗೆ ಹೊರಟುಹೋದರು, ನನ್ನ ಪಟ್ಟಿಯಲ್ಲಿ ಒಂದು ಸಾಲು ಖಾಲಿಯಾಯಿತು. "ನನ್ನ ಹೆಸರು ಹಾಕ್ಕೋ" ಅಂದೆ ನೀನು. ಮನೆಯವರನ್ನು ಸೇರಿಸಬಾರದು, ರೂಲ್ಸ್ ಇದೆ ಅಂದೆ ನಾನು. "ಕಾಲಂ ಖಾಲಿ ಬಿಟ್ಟು ಯಾರಾದ್ರೂ ಫೈಲು ಮೇಲಕ್ಕೆ ಕಳಿಸ್ತಾರೇನೇ ಪುಟ್ಟಿ? ಬರ್ಕೋ" ಅಂತ ನನ್ನ ಪೆನ್ನನ್ನೇ ಕಿತ್ತುಕೊಂಡು ಸಹಿ ಹಾಕಿದೆ. ರೂಲ್ಸ್ ಗೊತ್ತಿದ್ದವಳು ನಾನು. ನಿನ್ನನ್ನು ತಡೆಯಬೇಕಾದವಳೂ ನಾನೇ.

ದಿನಾ ಬೆಳಿಗ್ಗೆ ಘಾಜಿಯಾಬಾದಿನ ನನ್ನ ಮನೆಯಿಂದ ಹೊರಟು ಮೆಟ್ರೋ ಹತ್ತಿ, ಸೀಟು ಸಿಕ್ಕರೆ ಕೂತು, ಇಲ್ಲದಿದ್ದರೆ ಬಾಗಿಲಿಗೆ ಒರಗಿ, ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೆ. ನಿನ್ನದು ಕೊನೆಯ ಕರೆ. "ಮಾತ್ರೆ ತಗೊಂಡ್ಯಾ?" "ಆಯ್ತಮ್ಮ, ತಗೊಂಡೆ. ಟಿಕ್ ಹಾಕ್ಕೋ." ಟಿಕ್ ಹಾಕಿ ಫೋನ್ ಇಡುತ್ತಿದ್ದೆ. ನಾನು ಪಾಠ ಮಾಡುವ ಕಾಲೇಜು ಹತ್ತಿರ ಬಂದಿರುತ್ತಿತ್ತು, ಇಳಿಯುವ ಗಡಿಬಿಡಿ. ಮೂರು ತಿಂಗಳಲ್ಲಿ ಒಂದು ದಿನವಾದರೂ, ಹೇಗಿದ್ದೀಯಪ್ಪಾ ಅಂತ ಕೇಳಿದೆನಾ? ಫಾರಮ್ಮಿನಲ್ಲಿ ಆ ಪ್ರಶ್ನೆ ಇರಲಿಲ್ಲ.

ನವೆಂಬರಿನಲ್ಲಿ ನಿನಗೆ ಕೆಮ್ಮು ಶುರುವಾಯಿತು. ಒಣ ಕೆಮ್ಮು, ಮಾತಿನ ಮಧ್ಯೆ ಬಂದರೆ ನಿಲ್ಲುತ್ತಲೇ ಇರಲಿಲ್ಲ. ನವೆಂಬರಿನಲ್ಲಿ ದಿಲ್ಲಿಯಲ್ಲಿ ಕೆಮ್ಮದೆ ಇರುವವರು ಯಾರಪ್ಪಾ? ಕಿಟಕಿಯಾಚೆ ಎದುರಿನ ಬ್ಲಾಕೇ ಕಾಣುತ್ತಿರಲಿಲ್ಲ. ವಾಕಿಂಗ್ ನಿಲ್ಲಿಸು ಅಂದೆ, ಒಳ್ಳೇ ಮಾಸ್ಕ್ ತಂದುಕೊಟ್ಟೆ. ಹದಿನೈದು ದಿನದಲ್ಲಿ ಕೆಮ್ಮು ನಿಂತಿತು. "ನೋಡಿದ್ಯಾ, ನನ್ನ ಮಾತು ಕೇಳಿದ್ದಕ್ಕೆ" ಅಂತ ಬೀಗಿದೆ. ನೀನು ಮಾಸ್ಕನ್ನು ಮಡಿಚಿ ಜೇಬಿಗಿಟ್ಟು, "ಹೌದು, ಡಾಕ್ಟರಮ್ಮ" ಅಂತ ನಕ್ಕೆ. ಆಮೇಲೆ ಏನೋ ಹೇಳಲು ಬಾಯಿ ತೆರೆದಿದ್ದೆ ಅಂತ ಈಗ ಅನ್ನಿಸುತ್ತದೆ, ಅಥವಾ ಅದು ನನ್ನ ಭ್ರಮೆಯೋ...

ಜನವರಿಯ ಭಾನುವಾರಗಳು ಪೂರ್ತಿ ಆ ಪೇಪರಿನವು. ಕರೆಗಳು ಮುಗಿದಿದ್ದವು, ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ ನನ್ನ ಗೈಡ್, ನಮ್ಮ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಬರೀ ಮೇಡಂ ಅನ್ನುವವರು, ಸಾಮಾನ್ಯ ಪತ್ರಿಕೆ ಬೇಡ, ದೊಡ್ಡ ಆರೋಗ್ಯ ವಿಜ್ಞಾನ ಪತ್ರಿಕೆಗೇ ಕಳಿಸೋಣ ಅಂದರು. ಅದರ ನಿಯಮಗಳ ಪಟ್ಟಿ ನೋಡಿ ನೀನು ಖುಷಿಪಟ್ಟಿದ್ದೆ. "ಡಬಲ್ ಸ್ಪೇಸ್, ಅಂಚಿನಲ್ಲಿ ಜಾಗ, ಪ್ರತಿ ಸಾಲಿಗೂ ನಂಬರ್! ಇದು ನಮ್ಮ ಸೆಕ್ಷನ್ನೇ ಕಣೇ." ನನ್ನ ಪೀಠಿಕೆಯನ್ನು ತಿದ್ದಲು ಕೊಟ್ಟರೆ ನೀನು ಅದನ್ನು, ಸಂಪಾದಕರು ದಯಮಾಡಿ ಪರಿಶೀಲಿಸಿ ಮಂಜೂರು ಮಾಡಬಹುದು ಅನ್ನುವ ಧಾಟಿಗೆ ತಂದಿಟ್ಟಿದ್ದೆ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಆಮೇಲಿನ ಭಾನುವಾರಗಳಲ್ಲಿ ನಗು ಇರಲಿಲ್ಲ. ಬಾಗಿಲು ತೆಗೆದ ಕೂಡಲೇ ನಿನ್ನದು ಒಂದೇ ಪ್ರಶ್ನೆ: "ಕಳಿಸಿದ್ಯಾ?" ಕಳಿಸಿರಲಿಲ್ಲ. ಸಾರಾಂಶ ಉದ್ದವಾಗಿತ್ತು, ಕತ್ತರಿಸಿದೆ. ಕೋಷ್ಟಕದ ಅಡ್ಡಗೆರೆ ಸರಿಯಿರಲಿಲ್ಲ. ಉಲ್ಲೇಖಗಳಲ್ಲಿ ಎಲ್ಲಿ ಕಾಮಾ, ಎಲ್ಲಿ ಚುಕ್ಕೆ ಅಂತ ವಾರಗಟ್ಟಲೆ ಕೂತೆ. ಮೇಡಂ ಮತ್ತೆ ಮತ್ತೆ ವಾಪಸು ಕೊಡುತ್ತಿದ್ದರು, ನಿಜ ಹೇಳಬೇಕೆಂದರೆ ಅವರು ಬಿಟ್ಟರೂ ನಾನು ಬಿಡುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ರೇಗಿಬಿಟ್ಟೆ: "ಯಾಕಪ್ಪಾ ಹೀಗೆ ಪ್ರಾಣ ತಿಂತೀಯ? ಇದು ನಿನ್ನ ಆಫೀಸ್ ಫೈಲಲ್ಲ!" ಬಟಾಣಿ ಬಿಡಿಸುತ್ತ ಕೂತಿದ್ದ ನೀನು ತಲೆ ಎತ್ತಲಿಲ್ಲ. "ಸರಿ ಬಿಡಮ್ಮ, ಕಳಿಸಿದ ಮೇಲೆ ಹೇಳು" ಅಂದೆ. ಅದು ನಮ್ಮ ಕೊನೆಯ ಭಾನುವಾರ.

ಅಮ್ಮನ ಫೋನ್ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಿನಗೆ ಮಾತು ಹೋಗಿತ್ತು. ಮೆದುಳಿನಲ್ಲಿ ರಕ್ತಸ್ರಾವ ಅಂದರು. ಚಿಕ್ಕ ವಯಸ್ಸಿನ ಡಾಕ್ಟರ್ ಕೇಳಿದ: "ಬಿ.ಪಿ. ಕೀ ದವಾ ರೆಗ್ಯುಲರ್ ಲೇತೇ ಥೇ?" ನಾನು ಹೆಮ್ಮೆಯಿಂದಲೇ ಹೇಳಿದೆ, ಒಂದು ದಿನವೂ ತಪ್ಪಿಲ್ಲ, ನನ್ನ ಹತ್ತಿರ ರೆಕಾರ್ಡ್ ಇದೆ ಅಂತ. ಅವನು ಅದನ್ನೇ ಕೇಸ್ ಶೀಟಿನಲ್ಲಿ ಬರೆದುಕೊಂಡ. ಎರಡನೇ ದಿನ ನೀನು ಹೋದೆ.

ತಿಂಗಳ ಕರ್ಮ ಮುಗಿದ ಮಾರನೇ ದಿನ ಅಮ್ಮ ಪೆನ್ಷನ್ ಕಾಗದ ಹುಡುಕಲು ಹೇಳಿದಳು. ನಿನ್ನ ಹಳೇ ಬ್ರೀಫ್‌ಕೇಸಿನ ತಳದಲ್ಲಿ ಒಂದು ಖಾಕಿ ಲಕೋಟೆ ಸಿಕ್ಕಿತು, ಸರ್ಕಾರಿ ಸೇವಾರ್ಥ ಅಂತ ಅಚ್ಚಾಗಿರುವಂಥದ್ದು. ಅಲ್ಲಾಡಿಸಿದರೆ ಗಲಗಲ ಅಂತು. ಒಳಗೆ ಗುಲಾಬಿ ಬಣ್ಣದ ಮಾತ್ರೆಗಳು, ಒಂದು ಬೊಗಸೆ. "ದಿನಾ ನನ್ನೆದುರೇ ಪಟ್ ಅಂತ ಒಡೀತಿದ್ರಲ್ಲೇ, ಖಾಲಿ ಸ್ಟ್ರಿಪ್ ನಾನೇ ಬಿಸಾಕ್ತಿದ್ದೆ" ಅಂತ ಅಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಲಕೋಟೆಯ ಮೇಲೆ ನಿನ್ನ ದುಂಡು ಅಕ್ಷರದಲ್ಲಿ, ಫೈಲಿನ ಟಿಪ್ಪಣಿಯ ಹಾಗೆ, ನವೆಂಬರಿನ ತಾರೀಖು ಹಾಕಿ ಸಹಿ ಮಾಡಿ: "ಈ ಮಾತ್ರೆಯಿಂದ ಕೆಮ್ಮು. ಇಂದಿನಿಂದ ನಿಲ್ಲಿಸಿದೆ. ಪೇಪರ್ ಕಳಿಸಿದ ಮೇಲೆ ಪುಟ್ಟಿಗೆ ಹೇಳುವುದು."

ಆ ಜಾತಿಯ ಮಾತ್ರೆಯಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ, ಬಂದರೆ ಡಾಕ್ಟರು ಬೇರೆ ಮಾತ್ರೆ ಬರೆದುಕೊಡುತ್ತಾರೆ, ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುವವಳು ನಾನು. ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲಪ್ಪಾ. ನನ್ನ ಒಂದು ಟಿಕ್ ಹೋಗುತ್ತಿತ್ತು, ಅಷ್ಟೇ. ಆ ಟಿಕ್ಕಿಗೋಸ್ಕರ ನೀನು... ನೀನು ಕಾದದ್ದು ನಾನು ಪೇಪರ್ ಕಳಿಸಲಿ ಅಂತ. ನಾನು ಕೂತದ್ದು ಕಾಮಾ ಎಣಿಸುತ್ತಾ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮೇಡಂಗೆ ಹೇಳಿದೆ. ಅವರಿಗೂ ಕಣ್ಣು ತುಂಬಿತು, ಸುಳ್ಳು ಹೇಳಬಾರದು. ನನ್ನ ಕೈ ಹಿಡಿದುಕೊಂಡು ಕೂತರು. ಆಮೇಲೆ ಕಣ್ಣೊರೆಸಿಕೊಂಡು, "ಏಕ್ ಹೀ ತೋ ಹೈ, ಉನ್ಹೇ ನಿಕಾಲ್ ದೋ. ಬಾಕಿ ಡೇಟಾ ಠೀಕ್ ಹೈ. ಚಲೋ, ಇಸೀ ಹಫ್ತೇ ಸಬ್ಮಿಟ್ ಕರೋ" ಅಂದರು. ಒಬ್ಬರೇ ತಾನೇ, ಅವರನ್ನು ತೆಗೆದುಹಾಕು, ಉಳಿದದ್ದು ಸರಿಯಿದೆ, ಈ ವಾರವೇ ಕಳಿಸು ಅಂತ. ಈ ಪೇಪರ್ ಹೋಗದಿದ್ದರೆ ನನ್ನ ಪಿಎಚ್.ಡಿ. ನಿಲ್ಲುತ್ತದೆ, ಬಡ್ತಿಯೂ ನಿಲ್ಲುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ನಿಜ ಹೇಳಲಾ? ನಾನೂ ಹೂಂ ಅಂದು ಎದ್ದು ಬಂದಿದ್ದೆ.

ಆ ಶನಿವಾರ ಪಾರ್ಕಿಗೆ ಹೋಗದಿದ್ದರೆ ಹಾಗೇ ಕಳಿಸಿಬಿಡುತ್ತಿದ್ದೆನೋ ಏನೋ. ನಿಮ್ಮ ಬೆಂಚಿನಲ್ಲಿ ನಿನ್ನ ವಾಕಿಂಗ್ ಗುಂಪಿನ ಮೂರ್ತಿ ಅಂಕಲ್ ಒಬ್ಬರೇ ಕೂತಿದ್ದರು, ನಿನ್ನ ಜಾಗ ಬಿಟ್ಟು. ಲಕೋಟೆಯ ವಿಚಾರ ಹೇಳಿದೆ. ಅವರು ಚಪ್ಪಲಿ ನೋಡುತ್ತಾ ಅಂದರು: "ನಿಮ್ಮಪ್ಪ ನಮಗೆಲ್ಲ ಹೇಳಿದ್ದನಮ್ಮ. ಹುಡುಗಿ ಓದ್ತಿದಾಳೆ, ಯಾರೂ ಇಲ್ಲ ಅನ್ಬೇಡಿ, ಅವಳ ಕಾಲಂ ಖಾಲಿ ಬಿಡ್ಬೇಡಿ ಅಂತ."

"ಅಂದ್ರೆ ನೀವೂ..."

"ವಾರದಲ್ಲಿ ಎರಡು ಮೂರು ದಿನ ಬಿಡ್ತಿದ್ದೆ. ಅದು ತಗೊಂಡ್ರೆ ವಾಕಿಂಗ್‌ನಲ್ಲಿ ತಲೆ ಸುತ್ತತ್ತೆ. ಬೆಳಿಗ್ಗೆ ಬೆಳಿಗ್ಗೆ ಅಷ್ಟು ಆಸೆಯಿಂದ ಫೋನ್ ಮಾಡ್ತೀಯ, ಇಲ್ಲ ಅನ್ನಕ್ಕೆ ಮನಸ್ಸು ಬರಲ್ಲಮ್ಮ."

ಸಂಜೆಯವರೆಗೆ ಉಳಿದವರ ಮನೆಗಳ ಬೆಲ್ ಒತ್ತಿದೆ. ಎಲ್ಲ ಮನೆಯಲ್ಲೂ ಕಾಫಿ, ಎಲ್ಲ ಮನೆಯಲ್ಲೂ ಹೆಚ್ಚುಕಮ್ಮಿ ಅದೇ ಉತ್ತರ. ಜೀವಮಾನವೆಲ್ಲ ಸರ್ಕಾರಿ ಕಾಲಂ ತುಂಬಿಸಿದವರು ಸೇರಿ ನನ್ನ ಕಾಲಮ್ಮುಗಳನ್ನೂ ಪ್ರೀತಿಯಿಂದ ತುಂಬಿಸಿಕೊಟ್ಟಿದ್ದರು. ನನ್ನ ಅಷ್ಟು ಚೆಂದದ ಫಲಿತಾಂಶದಲ್ಲಿ ಇದ್ದದ್ದು ಮಾತ್ರೆಯಲ್ಲ, ನೀವೆಲ್ಲ ನನ್ನ ಮೇಲಿಟ್ಟ ಅಕ್ಕರೆ. ಅದನ್ನು ನಂಬಿ ಇನ್ನೆಲ್ಲೋ ಒಬ್ಬಳು ಇದೇ ಥರ ಫೋನ್ ಮಾಡಿ, ಟಿಕ್ ಹಾಕಿ, ಅವಳಪ್ಪನೂ ಹೀಗೇ... ಆಗಲಿಲ್ಲಪ್ಪಾ, ನನ್ನ ಕೈಯಲ್ಲಿ ಆಗಲಿಲ್ಲ.

ಮತ್ತೆ ಬರೆದೆ. ಈ ಸಲ ಮೂರೇ ವಾರ. ಫೋನಿನಲ್ಲಿ ಬಂದ ಹೌದುಗಳನ್ನು ನಂಬಬಾರದು, ಅವು ಯಾಕೆ ಬಂದವು ಅಂತ ಬರೆದೆ. ನಾನು ಕೇಳದೆ ಬಿಟ್ಟ ಪ್ರಶ್ನೆ ಯಾವುದು ಅಂತಲೂ ಬರೆದೆ. ಮೇಡಂ ಓದಿ, "ಹಾಗಾದರೆ ನನ್ನ ಹೆಸರು ಬೇಡ" ಅಂತ ಎರಡು ಸಾಲಿನ ಮೇಲ್ ಕಳಿಸಿದರು. ಈಗ ಕಾರಿಡಾರಿನಲ್ಲಿ ಎದುರಾದರೆ ಮೊಬೈಲ್ ನೋಡುತ್ತಾ ಹೋಗುತ್ತಾರೆ. ನನಗೆ ಭಯವಾಗುತ್ತದೆ, ಮುಚ್ಚಿಡುವುದಿಲ್ಲ. ಪಿಎಚ್.ಡಿ. ಕೈಗೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಅಮ್ಮನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಪತ್ರಿಕೆಯ ವೆಬ್‌ಸೈಟು ಒಂದೊಂದೇ ಪುಟ ತೆರೆಯುತ್ತಾ ಕೊನೆಗೆ ಕೇಳಿತು, ಭಾಗವಹಿಸಿದವರಲ್ಲಿ ಲೇಖಕರ ಸಂಬಂಧಿಕರು ಯಾರಾದರೂ ಇದ್ದರೇ? ಹೌದು ಅಂತ ಒತ್ತಿದೆ. ಕೆಳಗೆ ವಿವರಕ್ಕೆ ಒಂದು ಚೌಕ ಬಂತು. ಲೇಖಕಿಯ ತಂದೆ ಇದ್ದರು, ನಿಯಮ ತಿಳಿದೂ ಲೇಖಕಿಯೇ ಸೇರಿಸಿಕೊಂಡಿದ್ದಳು, ಅವರ ಉತ್ತರಗಳನ್ನು ತೆಗೆಯಲಾಗಿದೆ ಅಂತ ಬರೆದೆ. ಆಮೇಲೆ ಪಟ್ಟಿ ತೆರೆದು ನಿನ್ನ ಸಾಲನ್ನು ಅಳಿಸಿದೆ. ಅಷ್ಟೂ ಟಿಕ್ಕುಗಳು ಒಂದೇ ಸಲಕ್ಕೆ ಹೋದವು. ಆ ಜಾಗ ಖಾಲಿಯಾಗೇ ಉಳಿಯಿತು, ಇನ್ಯಾರನ್ನೂ ತುಂಬಿಸಲಿಲ್ಲ. ಅಮ್ಮ ಪಕ್ಕದಲ್ಲೇ ನಿಂತು ತನ್ನ ಮಾತ್ರೆ ನುಂಗಿ, ಕೇಳದೇ ಇದ್ದರೂ ಬಾಯಿ ತೆರೆದು ತೋರಿಸಿದಳು.

ನಿನ್ನ ಲಕೋಟೆ ಈಗ ನನ್ನ ಎದುರಿಗಿದೆ.

ಕಳಿಸಿದೆ ಅಪ್ಪಾ. ಈಗ ಹೇಳು.

ನಿನ್ನ
ಪುಟ್ಟಿ