ಇಳಿದು ನೂಕುವ ಜಾಗ

ಧರ್ಮಪುರ,
ಜನವರಿ ೨೨, ೨೦೦೬, ಭಾನುವಾರ

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಗದ್ದೆ ಬಯಲಿನ ಮಂಜಿನಲ್ಲಿ ಕಂಬಳಿಯನ್ನು ಮರಿಗಳಿಗೆ ಹೊದಿಸಿ ನೀನು ಮುದುಡಿ ಮಲಗುತ್ತೀಯ, ನನಗೆ ಗೊತ್ತು. ಮಂದೆಗಳಿಗೆ ಸಾಮಾನು ಸಾಗಿಸುವ ಚಿತ್ರಲಿಂಗಪ್ಪನ ಕೈಲಿ ರಾಗಿಹಿಟ್ಟು, ಹುರುಳಿ, ನೋವಿನೆಣ್ಣೆ ಕಳಿಸುತ್ತಿದ್ದೇನೆ. ಅವನು ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ನಿಮ್ಮ ಮಂದೆ ಇರುವಲ್ಲಿಗೆ ತಲುಪುವಷ್ಟರಲ್ಲಿ ಹಟ್ಟಿಯ ಸುದ್ದಿಯನ್ನು ದಾರಿಯುದ್ದಕ್ಕೂ ಹಂಚಿರುತ್ತಾನೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ: ನಾನೀಗ ಹಟ್ಟಿಯಲ್ಲಿಲ್ಲ. ಧರ್ಮಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೇನೆ. ಇದನ್ನು ಬೇರೆಯವರ ಕೈಲಿ ಓದಿಸಬೇಡ. ಅಕ್ಷರ ದಪ್ಪಗೆ ಬರೆದಿದ್ದೇನೆ, ನಿಧಾನಕ್ಕೆ ಕೂಡಿಸಿಕೊಂಡು ನೀನೇ ಓದು.

ಎಲ್ಲಾ ಶುರುವಾದದ್ದು ಗಾಡಿಯಿಂದ. ಮಂದೆ ಹೊಡೆದುಕೊಂಡು ಹೋಗುವಾಗ ನೀನು, 'ಸಣ್ಣ ಸ್ಕೂಟರ್ ತಗಳವ್ವ, ನಿನ್ನಳತೆಗೆ ಅದೇ ಸರಿ' ಅಂದಿದ್ದೆ. ಆದರೆ ಸ್ಕೂಟರಿನ ಪುಟ್ಟ ಚಕ್ರ ಹರಿಯಬ್ಬೆ ಕಡೆಯ ಎತ್ತಿನಗಾಡಿ ಜಾಡಿನಲ್ಲಿ ಮುಗ್ಗರಿಸಿ ಬೀಳುತ್ತದೆ. ಹೆರಿಗೆ ಮಾಡಿಸುವ ನನ್ನಂಥ ನರ್ಸಮ್ಮನಿಗಾಗಿ ಬಸುರಿಯರೆಲ್ಲ ಡಾಂಬರು ರಸ್ತೆಗೆ ಬಂದು ಹೆರುತ್ತಾರೆಯೇ? ಹಿರಿಯೂರಿನ ಬೈಕಿನಂಗಡಿಗೆ ಹೋದೆ. 'ಯಜಮಾನ್ರು ಬಂದಿಲ್ವಾ ಮೇಡಂ?' ಎಂದ ಮಾರುವವನು. 'ಯಜಮಾನಿನೇ ಬಂದೀನಿ, ತೋರ್ಸಪ್ಪ' ಎಂದೆ. ಸಾಮಾನ್ಯ ಬೈಕುಗಳ ಮೇಲೆ ಕೂತರೆ ಕಾಲ್ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತಿತ್ತು. ಮೂಲೆಯಲ್ಲಿ ಕ್ರೂಸರ್ ನಿಂತಿತ್ತು. ಕ್ರೂಸರ್ ಅಂದರೆ ಜನರನ್ನು ಕುರಿಗಳಂತೆ ತುಂಬುವ ಆ ಜೀಪಲ್ಲ ಅಪ್ಪಾ, ಉದ್ದ ಮೈಯ, ತಗ್ಗು ಸೀಟಿನ ಬೈಕು. ನೋಡಿದರೆ ಆರಡಿ ಗಂಡಸಿಗೇ ಮಾಡಿದ್ದು ಅನ್ನಿಸುತ್ತದೆ. ಕೂತು ನೋಡಿದೆ, ಎರಡೂ ಹಿಮ್ಮಡಿ ನೆಲಕ್ಕೆ ಊರಿದವು! ಬಸ್ಸಿನ ಸೀಟಿನಲ್ಲೂ ಕಾಲು ತೂಗಾಡಿಸಿಕೊಂಡು ಕೂತವಳು ನಾನು. ಕಾಲಿಡುವ ಜಾಗ ಮುಂದೆ ದೂರದಲ್ಲಿತ್ತು, ಹ್ಯಾಂಡಲ್ ಇನ್ನೂ ದೂರ. ಕೊಂಡ ಮೇಲೆ ಹ್ಯಾಂಡಲನ್ನು ನನ್ನ ಕಡೆ ಬಾಗಿಸಿಕೊಂಡೆ, ಬೆನ್ನಿಗೊಂದು ದಿಂಬು ಹೊಲಿಸಿಕೊಂಡೆ. ಕೊಳ್ಳುವ ಮೊದಲು, ನೀನು ಟಗರಿನ ಸೊಂಟ ಒತ್ತಿ ನೋಡುವಂತೆ, ಅಂಗಡಿಯಲ್ಲೇ ಅತ್ತಿತ್ತ ವಾಲಿಸಿ ನೋಡಿದೆ. ಭಾರವಿತ್ತು. 'ಓಡೋವಾಗ ಭಾರ ಗೊತ್ತಾಗಲ್ಲ, ನೂಕೋವಾಗ ಮಾತ್ರ' ಎಂದ ಮಾರುವವನು. 'ನೂಕಾಕೆ ಯಾರಪ್ಪ ಗಾಡಿ ತಗಂತಾರೆ?' ಎಂದು ನಕ್ಕುಬಿಟ್ಟೆ. ನಮ್ಮ ಹಟ್ಟಿಯಲ್ಲಿ ಹುಟ್ಟಿ ಬೆಳೆದವಳು ಆಡುವ ಮಾತೇ ಅದು?

ಹಟ್ಟಿಯ ಬೇಲಿಬಾಗಿಲು ದಾಟಿದರೆ ಗುಡಿಯ ಮುಂದಿನ ಏರು. ಅಲ್ಲಿ ಚಪ್ಪಲಿ ಬಿಟ್ಟು, ಗಾಡಿ ಇಳಿದು, ನೂಕಿಕೊಂಡೇ ಹೋಗಬೇಕು. ಗಂಡಸರಿಗೇನು, ಹಿಂದಿನಿಂದ ನಾಲ್ಕು ಕೈ ಕೂಡುತ್ತವೆ. ನನ್ನ ಗಾಡಿಗೆ ಒಂದು ಕೈಯೂ ಬರುವುದಿಲ್ಲ. ಹೆರಿಗೆ ಮಾಡಿಸಿ ಬಂದವಳಿಗೆ ಮೈಲಿಗೆ, ಅವಳ ಗಾಡಿಗೂ ಮೈಲಿಗೆ. ಅವರ ಮಕ್ಕಳ ತಲೆ ಮೊದಲು ಹಿಡಿದದ್ದು ಇದೇ ಕೈ! ಹೆತ್ತವಳ ಮೈಲಿಗೆ ಕಳೆಯುತ್ತದೆ, ಹೆರಿಗೆ ಮಾಡಿಸಿದವಳದು ಸಾಯುವತನಕ ಅಂಟಿರುತ್ತದೆ. ಇದು ಯಾವ ದೇವರು ಮಾಡಿದ ಲೆಕ್ಕ?

ಸಂಕ್ರಾಂತಿಯ ಮರುದಿನ ಮಧ್ಯಾಹ್ನ ಏರಿನ ನಡುವೆ ಗಾಡಿ ವಾಲಿ ನನ್ನ ಕಾಲ ಮೇಲೇ ಬಿತ್ತು. ಸೈಲೆನ್ಸರ್ ಸುಡುತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಕೂತಿದ್ದವರು ಕೂತೇ ಇದ್ದರು. ನಮ್ಮ ಪಕ್ಕದ ಮನೆಯ ಓಬಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಮೊಮ್ಮಗಳು ಹುಟ್ಟಿದ್ದು ನನ್ನ ಮಡಿಲಿಗೆ. ಹಟ್ಟಿಯ ಹಿರಿಯ ಕಾಟಯ್ಯ ಕೆಮ್ಮಿದ. ಅವಳು ಸೆರಗು ಸರಿಮಾಡಿಕೊಂಡು ನಿಂತುಬಿಟ್ಟಳು. ಸುಟ್ಟ ಗಾಯ ಮಾಯುತ್ತಿದೆ ಅಪ್ಪಾ. ಓಬಕ್ಕ ನಿಂತುಬಿಟ್ಟದ್ದು ಮಾತ್ರ ಕಣ್ಣ ಮುಂದಿಂದ ಹೋಗುತ್ತಿಲ್ಲ.

'ಆಳುದ್ದ ಇಲ್ಲ, ಆನೆ ತಂದಾಳೆ' ಎಂದು ಯಾವನೋ ನಕ್ಕ. 'ಏಳವ್ವ, ಎತ್ತಿ ನೂಕು. ದ್ಯಾವ್ರ ಮುಂದೆ ನಿನಗೊಂದು ನಮಗೊಂದು ಐತೇನು?' ಎಂದ ಕಾಟಯ್ಯ. ಸೀಟಿಗೆ ಬೆನ್ನು ಕೊಟ್ಟು, ತೊಡೆಯ ಬಲದಲ್ಲಿ ಎತ್ತಿ ನಿಲ್ಲಿಸಿದೆ. ಆದರೆ ನೂಕಲಿಲ್ಲ. ಹತ್ತಿ ಕೂತೆ, ಸ್ಟಾರ್ಟ್ ಮಾಡಿದೆ, ಗುಡಿಯ ಮುಂದೆಯೇ ಹಾದು ನಮ್ಮ ಬಾಗಿಲಿಗೆ ಹೋಗಿ ನಿಲ್ಲಿಸಿದೆ. ದೇವರು ಏನೂ ಅನ್ನಲಿಲ್ಲ. ಕೂಗಾಡಿದವರೆಲ್ಲ ಕಟ್ಟೆಯ ಮೇಲಿದ್ದವರು.

ಅಂದಿನಿಂದ ನೀರು, ಬೆಂಕಿ, ಮಾತು ಎಲ್ಲಾ ಬಂದ್. ನಲ್ಲಿಯ ಹತ್ತಿರ ನಾನು ಹೋದರೆ ಕೊಡಗಳನ್ನು ಎತ್ತಿಕೊಂಡು ದೂರ ಸರಿಯುತ್ತಿದ್ದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವ್ವ ಹೋದ ಮೇಲೆ, ನೀನು ಮಂದೆಯ ಹಿಂದೆ ಹೋದಾಗಲೆಲ್ಲ ಒಬ್ಬಳೇ ಇದ್ದವಳು ನಾನು. ಆದರೂ ಆಗೆಲ್ಲ ಗೋಡೆಯಾಚೆಯಿಂದ ಓಬಕ್ಕ 'ಉಂಡ್ಯೇನೇ ಉಚ್ಚಂಗಿ' ಅನ್ನುತ್ತಿದ್ದಳು. ಇಲ್ಲಿಯ ಕಿಟಕಿ ಬಸ್ ನಿಲ್ದಾಣದ ಕಡೆಗಿದೆ. ಕಂಡಕ್ಟರು 'ಹಿರಿಯೂರ್, ಹಿರಿಯೂರ್' ಎಂದು ಕೂಗುವುದೊಂದೇ ಈ ಕೋಣೆಯಲ್ಲಿ ಕೇಳುವ ಮಾತು. ಒಬ್ಬಳಿಗಾಗುವಷ್ಟೇ ಮುದ್ದೆ ಮಾಡಲು ಕೈಗೆ ಇನ್ನೂ ಬಂದಿಲ್ಲ, ದಿನವೂ ಮಿಗುತ್ತದೆ. ಕುರಿಯ ವಾಸನೆಯಿಲ್ಲದೆ ನಿದ್ದೆ ಹತ್ತುವುದಿಲ್ಲ. ಕೆಲಸ ಬಿಟ್ಟಿಲ್ಲ. ನಮ್ಮ ಹಟ್ಟಿಯ ಬಸುರಿಯರು ಬೇಲಿಯ ಹೊರಗೆ ಬಂದು, ತೋಳು ಒಡ್ಡಿ ಇಂಜೆಕ್ಷನ್ ಚುಚ್ಚಿಸಿಕೊಂಡು, ಮುಖ ನೋಡದೆ ಹೋಗುತ್ತಾರೆ. ಸೂಜಿಗೆ ಮೈಲಿಗೆ ಇಲ್ಲವಂತೆ!

ಕುಂಟುವ ಕುರಿಯನ್ನು ಹೆಗಲ ಮೇಲೆ ಹೊರಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಜೊತೆಗಿರುವ ಗೋವಿಂದಪ್ಪನಿಗೆ ನನ್ನ ಶರಣು ಹೇಳು. ನಾಯಿಗೆ ನನ್ನ ಹೆಸರಲ್ಲಿ ಒಂದು ತುತ್ತು ಹೆಚ್ಚು ಹಾಕು.

ನಿನ್ನ ಮಗಳು,
ಉಚ್ಚಂಗಮ್ಮ

ಮತ್ತೆ: ಚಿತ್ರಲಿಂಗಪ್ಪ ಬಾಗಿಲಲ್ಲಿ ನಿಂತು 'ಬಸ್ಸು ಹೊಂಟೋಯ್ತದೆ ಕಣವ್ವ' ಎಂದು ಪ್ರಾಣ ತಿನ್ನುತ್ತಿದ್ದಾನೆ. ಇಷ್ಟೊತ್ತೂ ಬರೆಯಲಾಗದ್ದನ್ನು ಈಗ ಬರೆಯುತ್ತೇನೆ. ಯುಗಾದಿಗೆ ನೀನು ತಿರುಗಿ ಬಂದಾಗ ಬೇಲಿಬಾಗಿಲಲ್ಲಿ ತಡೆಯುತ್ತಾರೆ. ನನ್ನ ಗಾಡಿಯನ್ನು ನೀನು ಆ ಏರಿನಲ್ಲಿ ನೂಕಿ, ಗುಡಿಯ ಮುಂದೆ ಅಡ್ಡಬಿದ್ದು, ಮಗಳು ತಪ್ಪು ಮಾಡಿದಳು ಅನ್ನಬೇಕಂತೆ. ಆಮೇಲೆಯೇ ನಿನಗೂ ಕುರಿಗಳಿಗೂ ಒಳಗೆ ಜಾಗ. ನನ್ನ ಮೇಲಿನ ಅಕ್ಕರೆಗೆ ನೀನು ನೂಕಿಯೇ ಬಿಡುತ್ತೀಯ, ಅದೇ ನನ್ನ ಭಯ. ನೂಕಬೇಡ. ಆ ದಿನ ಬೇಲಿಬಾಗಿಲಿಗೆ ನಾನೇ ಗಾಡಿ ತರುತ್ತೇನೆ. ನನ್ನ ಹಿಂದೆ ಹತ್ತಿ ಕೂತ್ಕೋ ಅಪ್ಪಾ, ಗುಡಿಯ ಮುಂದೆಯೇ ಹೋಗಾಣ. ಆಗದು ಅನ್ನಿಸಿದರೆ ಈಗಲೇ ಚಿತ್ರಲಿಂಗಪ್ಪನ ಕೈಲಿ ಹೇಳಿ ಕಳಿಸು. ಅವರೆಲ್ಲರ ಎದುರಿಗೆ ನೀನು ಒಲ್ಲೆ ಅನ್ನುವುದನ್ನು ನಾನು ನೋಡಲಾರೆ.